ದನಿ ಮಾತ್ರ ಕೇಳುವವರು

ರಂಗದ ಮೇಲೆ ಸಾಯುವುದು ಅಷ್ಟೇನೂ ಕಷ್ಟವಲ್ಲ. ಕೈ ಎದೆಗೆ ಹೋಗಬೇಕು, ಕಣ್ಣು ಮೇಲಕ್ಕೆ ಹೋಗಬೇಕು, ತಲೆ ಒಂದು ಪಕ್ಕಕ್ಕೆ ವಾಲಬೇಕು. ಅಷ್ಟರಲ್ಲಿ ಪುಣ್ಯಾತ್ಮನಾದ ಪರದೆಯವನು ಪರದೆ ಎಳೆದುಬಿಡುತ್ತಾನೆ. ಶಾಲೆಯ ವಾರ್ಷಿಕೋತ್ಸವದ ಹುಡುಗರು ಕೂಡ ಇದನ್ನು ಸೊಗಸಾಗಿ ಮಾಡುತ್ತಾರೆ. ಕಷ್ಟವಿರುವುದು ಸಾಯುವುದಕ್ಕೆ ಮುಂಚಿನ ಒಂದು ಗಂಟೆಯನ್ನು ಬದುಕುವುದರಲ್ಲಿ. ದುರಂತ ನಾಟಕದ ನಾಯಕನ ಪಾತ್ರ ವಹಿಸಿದವನ ಪಾಡೆಲ್ಲ ಆ ಒಂದು ಗಂಟೆಯ ಪಾಡು.

ನನ್ನ ಪಾಲಿಗೆ ಆ ಗಂಟೆ ಒದಗಿದ್ದು ಭಾಸನ ‘ಊರುಭಂಗ’ದಲ್ಲಿ. ನಾನು ವೃತ್ತಿಯಿಂದ ಲೆಕ್ಕಪತ್ರದವನು. ಹಗಲೆಲ್ಲ ಕೂಡಿ ಕಳೆದು, ಸಂಜೆಯ ಎರಡು ಗಂಟೆಯನ್ನು ಬೆಂಗಳೂರಿನ ಒಂದು ಹವ್ಯಾಸಿ ನಾಟಕ ತಂಡಕ್ಕೆ ಒಪ್ಪಿಸುವ ಚಾಳಿ ಇಪ್ಪತ್ತು ವರ್ಷದ್ದು. ಅಷ್ಟು ವರ್ಷವೂ ನನ್ನ ಪಾಲಿಗೆ ಬಂದದ್ದು ಮಂತ್ರಿ, ಮಾವ, ಪೋಲೀಸ್ ಪೇದೆ ಇಂಥ ಪಾತ್ರಗಳು. ಒಮ್ಮೆ ಒಂದು ಮರ. ಐವತ್ತನೆಯ ವಯಸ್ಸಿನಲ್ಲಿ ಏಕಾಏಕಿ ಚಕ್ರವರ್ತಿಯಾದೆ. ನಮ್ಮ ನಿರ್ದೇಶಕರು ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಹೆಗ್ಗೋಡಿನ ನೀನಾಸಂನಲ್ಲಿ ಕಲಿತು ಬಂದವರು. ‘ನಿಮ್ಮ ಮುಖದಲ್ಲಿ ಸೋತವನ ಗಾಂಭೀರ್ಯ ಇದೆ ಸಾರ್’ ಎಂದರು. ಇದು ಹೊಗಳಿಕೆಯೋ ಅಲ್ಲವೋ ಎಂದು ಮನೆಯಲ್ಲಿ ವಿಚಾರಿಸಿದೆ. ‘ಅರ್ಧ ನಿಜ’ ಎಂದಳು ನನ್ನ ಹೆಂಡತಿ. ಯಾವ ಅರ್ಧ ಎಂದು ನಾನು ಕೇಳಲು ಹೋಗಲಿಲ್ಲ.

ದುರ್ಯೋಧನನೇನೂ ಕನ್ನಡಿಗರಿಗೆ ಹೊಸಬನಲ್ಲ. ಸಾವಿರ ವರ್ಷದ ಹಿಂದೆ ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ, ತನ್ನ ಅರಸ ಸತ್ಯಾಶ್ರಯನನ್ನು ಭೀಮನಿಗೆ ಸರಿಗಟ್ಟಿ ‘ಗದಾಯುದ್ಧ’ವನ್ನು ಬರೆಯಲು ಕುಳಿತ, ಬರೆದು ಮುಗಿಸುವ ಹೊತ್ತಿಗೆ ಕೇಳುವವರ ಮನಸ್ಸನ್ನು ಗೆದ್ದ ಭೀಮನಿಗಿಂತ ಸೋತ ದುರ್ಯೋಧನನೇ ಹೆಚ್ಚು ತುಂಬಿಕೊಂಡಿದ್ದ. ಆ ಕಾವ್ಯದ ಒಡಲಲ್ಲಿ ನಾಟಕ ಅಡಗಿರುವುದನ್ನು ಕಂಡ ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ಅದನ್ನು ‘ಗದಾಯುದ್ಧ ನಾಟಕಂ’ ಎಂದು ಜೋಡಿಸಿಕೊಟ್ಟರು. ಕಳೆದ ಶತಮಾನದ ಮೂವತ್ತರ ದಶಕದಲ್ಲಿ ಗುಬ್ಬಿ ಕಂಪನಿಯ ‘ಕುರುಕ್ಷೇತ್ರ’ಕ್ಕಾಗಿ ನಿಜವಾದ ಆನೆ ಕುದುರೆಗಳೇ ರಂಗಕ್ಕೆ ಬಂದವು. ಇನ್ನು ತುಮಕೂರು, ಮಂಡ್ಯದ ಕಡೆಯ ಹಳ್ಳಿಗಳ ಮಾತು ಕೇಳಬೇಕೆ? ಅಲ್ಲಿ ‘ಕುರುಕ್ಷೇತ್ರ’ ಆಡುವಾಗ ನಟನಿಗೆ ಯಾರೂ ಸಂಬಳ ಕೊಡುವುದಿಲ್ಲ. ಪಾತ್ರ ಬೇಕಾದವನೇ ಹಣ ಕಟ್ಟಬೇಕು. ದುರ್ಯೋಧನನಾಗಬೇಕಾದರೆ ಕಿಸೆ ಗಟ್ಟಿಯಿರಬೇಕು. ಅಂಥವನು ಗದೆಯನ್ನು ಹೆಗಲಿಗೇರಿಸಿ, ಹಾರ್ಮೋನಿಯಂ ಮೇಷ್ಟ್ರ ಶ್ರುತಿಗೆ ಕಾದು, ರಂಗ ನಡುಗುವ ಹಾಗೆ ಹೆಜ್ಜೆಯಿಟ್ಟು ಬರುತ್ತಾನೆ. ಆ ಹೆಜ್ಜೆಗೇ ಅವನು ಕಟ್ಟಿದ ಹಣ ವಸೂಲು.

ಭಾಸನ ದುರ್ಯೋಧನನಿಗೆ ಈ ಹೆಜ್ಜೆಯೇ ಇಲ್ಲ. 1909ರ ಸುಮಾರಿಗೆ ತಿರುವಾಂಕೂರಿನಲ್ಲಿ ಟಿ. ಗಣಪತಿ ಶಾಸ್ತ್ರಿಗಳಿಗೆ ಓಲೆಗರಿಯ ಕಟ್ಟೊಂದು ಸಿಕ್ಕಿತು. ಕಾಳಿದಾಸನೇ ಗೌರವದಿಂದ ಹೆಸರೆತ್ತಿದ ಭಾಸನ ನಾಟಕಗಳು ಇವೇ ಎಂದು ಅವರು 1912ರಿಂದ ಅಚ್ಚು ಹಾಕಿಸತೊಡಗಿದರು. ಎಲ್ಲವೂ ಒಬ್ಬನದೇ ಕೈಬರಹವೇ ಎಂದು ಪಂಡಿತರು ಇಂದಿಗೂ ಜಗಳವಾಡುತ್ತಾರೆ. ಅದು ಪಂಡಿತರಿಗಿರಲಿ. ಆ ಹದಿಮೂರು ನಾಟಕಗಳಲ್ಲಿ ‘ಊರುಭಂಗ’ ಒಂದು, ಒಂದೇ ಅಂಕದ್ದು. ಸಂಸ್ಕೃತ ನಾಟಕದ ಸಂಪ್ರದಾಯಕ್ಕೆ ಒಗ್ಗದ ರೀತಿಯಲ್ಲಿ ಇದರ ನಾಯಕ ಪ್ರೇಕ್ಷಕರ ಕಣ್ಣೆದುರಿಗೇ ಸಾಯುತ್ತಾನೆ. ಆದರೆ ಗದಾಯುದ್ಧವನ್ನು ನಾವು ನೋಡುವುದಿಲ್ಲ. ಮೂವರು ಸೈನಿಕರು ಬಂದು ಅದನ್ನು ಬಣ್ಣಿಸಿ ಮುಗಿಸುತ್ತಾರೆ. ದುರ್ಯೋಧನ ರಂಗಕ್ಕೆ ಬರುವಾಗ ತೊಡೆ ಮುರಿದಾಗಿದೆ, ರಾಜ್ಯ ಹೋಗಿದೆ, ತೊಂಬತ್ತೊಂಬತ್ತು ತಮ್ಮಂದಿರು ಹೋಗಿದ್ದಾರೆ. ಬೇರೆ ನಾಟಕಗಳು ಮುಗಿಯುವ ಕಡೆಯಿಂದ ಇದು ಶುರುವಾಗುತ್ತದೆ. ನಮ್ಮ ತಂಡದ ಹಿರಿಯರೊಬ್ಬರು ಅದನ್ನು ಆಡುವ ಕನ್ನಡಕ್ಕೆ ತಿರುಗಿಸಿಕೊಟ್ಟಿದ್ದರು.

ಬಸವನಗುಡಿಯ ಒಂದು ಶಾಲೆಯ ಹಾಲಿನಲ್ಲಿ ತಾಲೀಮು. ಮಕ್ಕಳು ಹೋದ ಮೇಲೆ ಬೆಂಚುಗಳನ್ನು ಗೋಡೆಗೆ ಸರಿಸಿ, ಜಮಖಾನ ಹಾಸಿ, ಮೊದಲನೆಯ ದಿನವೇ ನಿರ್ದೇಶಕರು ಒಂದು ಹಳೆಯ ಪಂಚೆಯಿಂದ ನನ್ನ ಎರಡು ತೊಡೆಗಳನ್ನೂ ಸೇರಿಸಿ ಬಿಗಿದರು. ‘ಈ ಗೋಡೆಯಿಂದ ಆ ಗೋಡೆಗೆ ಹೋಗಿ ಸಾರ್’ ಎಂದರು. ‘ಮಾತು?’ ಎಂದೆ. ‘ಮಾತು ಇನ್ನೊಂದು ಹದಿನೈದು ದಿನ ಇಲ್ಲ.’

ಹಾಗೆ ಹದಿನೈದು ದಿನ ನಾನು ಚಕ್ರವರ್ತಿಯ ಪಾತ್ರವನ್ನು ಮೊಣಕೈಯಿಂದ ಅಭ್ಯಾಸ ಮಾಡಿದೆ. ತೊಡೆಯಿಂದ ಕೆಳಗಿನ ದೇಹ ತನ್ನದಲ್ಲ ಎಂದಾಗ ಅದು ಎಷ್ಟು ಭಾರವಾಗುತ್ತದೆ ಎಂಬುದು ಎಳೆದುನೋಡಿದವನಿಗೇ ಗೊತ್ತು. ಹತ್ತು ಅಡಿ ಎಳೆದರೆ ಉಸಿರು ಅರ್ಧವಾಗುತ್ತದೆ. ಅರ್ಧ ಉಸಿರಿನಲ್ಲಿ ಉದ್ದನೆಯ ವಾಕ್ಯ ಬರುವುದಿಲ್ಲ. ಹಿರಿಯರು ಚೆಲುವಾಗಿ ಹೆಣೆದಿದ್ದ ಮಾತುಗಳೆಲ್ಲ ತಾವಾಗಿ ತುಂಡಾದವು. ನೆಲಕ್ಕೆ ಎದೆ ತಾಗಿದಾಗ ಕಂಠ ದಪ್ಪವಾಗುತ್ತದೆ. ಯಾರ ಮುಖ ನೋಡಬೇಕಾದರೂ ಕತ್ತು ಎತ್ತಬೇಕು. ಹುಟ್ಟಿದಾಗಿನಿಂದ ಎಲ್ಲರನ್ನೂ ಕೆಳಗೆ ನೋಡಿದವನು ಈಗ ಸೇವಕರನ್ನೂ ತಲೆಯೆತ್ತಿಯೇ ನೋಡಬೇಕು. ಇದನ್ನು ನಾನು ಯೋಚಿಸಿ ಕಂಡುಕೊಂಡದ್ದಲ್ಲ, ನನ್ನ ಕತ್ತು ಕಂಡುಕೊಂಡದ್ದು. ರಷ್ಯದ ಸ್ಟಾನಿಸ್ಲಾವ್ಸ್ಕಿ 1938ರಲ್ಲಿ ತೀರಿಕೊಂಡ. ತನ್ನ ಕೊನೆಯ ವರ್ಷಗಳಲ್ಲಿ ಆತ ನಟರಿಗೆ ಹೇಳಿಕೊಟ್ಟದ್ದು ಹೆಚ್ಚುಕಡಿಮೆ ಇದನ್ನೇ. ಭಾವವನ್ನು ಹಿಡಿಯಲು ಹೋದರೆ ಅದು ಓಡುತ್ತದೆ. ಮೈ ಮಾಡಬೇಕಾದ ಕೆಲಸವನ್ನು ನೆಟ್ಟಗೆ ಮಾಡಿದರೆ ಹಿಂದೆಯೇ ಬರುತ್ತದೆ. ನನ್ನ ಮೊಣಕೈ ತರಚಿಹೋದದ್ದಕ್ಕೆ ಹೆಂಡತಿ ಅರಿಸಿನ ಕೊಬ್ಬರಿಯೆಣ್ಣೆ ಹಚ್ಚುತ್ತಾ, ‘ಆ ರಷ್ಯದವನಿಗೂ ಹೀಗೆ ಯಾರಾದರೂ ಹಚ್ಚುತ್ತಿದ್ದರೋ?’ ಎಂದಳು.

ಮಾತು ಶುರುವಾದಾಗ ನಿರ್ದೇಶಕರದು ಒಂದೇ ಪ್ರಶ್ನೆ: ‘ಈಗ ಬಂದವರಿಂದ ನಿಮಗೇನು ಬೇಕು?’ ಮೊದಲು ಬರುವವನು ಬಲರಾಮ, ಭೀಮನನ್ನು ಈಗಲೇ ಕೊಲ್ಲುತ್ತೇನೆಂದು ನೇಗಿಲು ಎತ್ತಿಕೊಂಡು. ಅವನಿಂದ ದುರ್ಯೋಧನನಿಗೆ ಬೇಕಾದದ್ದು ಒಂದೇ, ಅವನ ಕೋಪ ಇಳಿಯಬೇಕು. ಸತ್ತ ಕುರುಗಳಿಗೆ ಎಳ್ಳುನೀರು ಬಿಡಲಾದರೂ ಪಾಂಡವರು ಉಳಿಯಲಿ ಎಂದು ಸಮಾಧಾನ ಮಾಡುತ್ತಾನೆ. ಆಮೇಲೆ ಕುರುಡು ತಂದೆ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ತಾಯಿ, ಇಬ್ಬರು ರಾಣಿಯರು, ಎಳೆಯ ಮಗ ದುರ್ಜಯ. ಅವರಿಗೂ ಸಮಾಧಾನ ಹೇಳುತ್ತಾನೆ. ಕೊನೆಗೆ ಅಶ್ವತ್ಥಾಮ, ಅವನಿಗೂ ಹೇಳಿ ನೋಡುತ್ತಾನೆ, ಅವನು ಮಾತ್ರ ಕೇಳುವುದಿಲ್ಲ. ನಾಟಕವೆಲ್ಲ ಇಷ್ಟೆ. ತೊಡೆ ಮುರಿದವನೊಬ್ಬ ನೆಲದ ಮೇಲೆ ಬಿದ್ದಿದ್ದಾನೆ, ಒಬ್ಬರಾದ ಮೇಲೊಬ್ಬರು ನೋಡಲು ಬರುತ್ತಾರೆ, ಬಂದವರನ್ನೆಲ್ಲ ಅವನೇ ಸಂತೈಸಿ ಕಳುಹಿಸುತ್ತಾನೆ.

ಕಾಯಿಲೆಯವರ ಮನೆಗೆ ಹೋಗಿ ಬಂದ ಯಾರಿಗಾದರೂ ಇದು ಹೊಸದಲ್ಲ. ನಾವು ಕಿತ್ತಳೆ ಹಣ್ಣು ಹಿಡಿದು ಹೋಗುತ್ತೇವೆ. ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕೂತು ಮುಖ ಸಪ್ಪೆ ಮಾಡುತ್ತೇವೆ. ಆಗ ಮಲಗಿದವರು, ‘ಏನಿಲ್ಲ, ಪರವಾಗಿಲ್ಲ, ಈಗ ಎಷ್ಟೋ ವಾಸಿ, ಕಾಫಿ ಕುಡಿದೇ ಹೋಗಬೇಕು’ ಎಂದು ನಮಗೆ ಧೈರ್ಯ ಹೇಳಿ ಕಳುಹಿಸುತ್ತಾರೆ. ಹಾಸಿಗೆ ಹಿಡಿದವನಿಗೂ ಯಜಮಾನಿಕೆ ತಪ್ಪಿದ್ದಲ್ಲ. ಭಾಸನ ದುರ್ಯೋಧನ ಬದುಕಿನಲ್ಲಿ ಹಿಂದೆಂದೂ ಇಲ್ಲದಷ್ಟು ಚೆನ್ನಾಗಿ ಮನೆಯ ಯಜಮಾನನಾಗುವುದು ಮನೆಯೆಲ್ಲ ಹಾಳಾದ ಮೇಲೆ.

ದುರ್ಜಯನ ದೃಶ್ಯ ತಾನಾಗಿ ಕೂಡಿಬಂತು. ಮೂಲ ಭಾರತದಲ್ಲಿ ಈ ಮಗುವಿಲ್ಲ, ಅಲ್ಲಿನ ಮಗ ಲಕ್ಷಣಕುಮಾರ. ದುರ್ಜಯ ಈ ನಾಟಕದವನು. ಅವನು ತಂದೆಯನ್ನು ಹುಡುಕಿ ಬಂದು, ಎಂದಿನ ಹಾಗೆ ತೊಡೆಯೇರಲು ನೋಡುತ್ತಾನೆ. ಆ ಜಾಗ ಇನ್ನು ನಿನಗಿಲ್ಲ ಎಂದು ತಂದೆ ತಡೆಯಬೇಕು. ನಮ್ಮ ದುರ್ಜಯ ಎರಡನೆಯ ತರಗತಿಯ ಹುಡುಗ. ತಡೆಯುವ ಮಾತು ಬರುವ ಮೊದಲೇ ಪ್ರತಿದಿನವೂ ದಡಕ್ಕನೆ ಕೂತೇಬಿಡುತ್ತಿದ್ದ. ಎಷ್ಟು ಹೇಳಿದರೂ ಅಷ್ಟೆ. ಕೊನೆಗೆ ಅವನು ಓಡಿಬರುವುದು ಕಂಡ ಕೂಡಲೇ ನನ್ನ ಕೈ ತಾನಾಗಿ ತೊಡೆಗೆ ಅಡ್ಡ ಹೋಗತೊಡಗಿತು. ‘ಆ ಕೈ ಸಾಕು ಸಾರ್, ಮುಖದಲ್ಲಿ ಏನೂ ಮಾಡಬೇಡಿ’ ಎಂದರು ನಿರ್ದೇಶಕರು. ಮಗುವನ್ನು ಅಪ್ಪಲು ಚಾಚಬೇಕಾದ ಕೈ ಮಗುವನ್ನು ತಡೆಯಲು ಚಾಚುತ್ತದೆ. ಅದಕ್ಕಿಂತ ಹೆಚ್ಚು ಅಳಿಸುವಂಥದ್ದನ್ನು ನನ್ನ ಮುಖವೇನು ಮಾಡೀತು?

ಗಟ್ಟಿಯಾಗಿ ನಿಂತುಹೋದದ್ದು ತಂದೆತಾಯಿಯರ ದೃಶ್ಯ. ಧೃತರಾಷ್ಟ್ರ ಮಗನನ್ನು ಹತ್ತಿರ ಬಂದು ನಮಸ್ಕರಿಸೆಂದು ಕರೆಯುತ್ತಾನೆ. ಬರುತ್ತೇನೆಂದು ಇವನು ಓಗೊಡುತ್ತಾನೆ. ಏಳಲು ಹೋಗಿ ಬೀಳುತ್ತಾನೆ. ಹಿರಿಯರ ಕಾಲಿಗೆರಗುವ ಶಕ್ತಿಯನ್ನೂ ಕಸಿದನಲ್ಲ, ಇದು ಭೀಮನ ಎರಡನೆಯ ಪೆಟ್ಟು ಎಂದುಕೊಳ್ಳುತ್ತಾನೆ. ಈ ಓಗೊಡುವ ಒಂದು ಮಾತನ್ನು ನಾನು ನರಳುತ್ತ ಹೇಳಿದೆ, ಬಿಕ್ಕುತ್ತ ಹೇಳಿದೆ, ವೀರಾವೇಶದಿಂದಲೂ ಹೇಳಿ ನೋಡಿದೆ. ನಿರ್ದೇಶಕರು ಪ್ರತಿ ಸಾರಿಯೂ, ‘ಚೆನ್ನಾಗಿದೆ, ಇನ್ನೊಂದು ಥರ ನೋಡೋಣ’ ಎನ್ನುತ್ತಿದ್ದರು. ಚೆನ್ನಾಗಿದ್ದರೆ ಇನ್ನೊಂದು ಥರ ಏಕೆ ಎಂಬುದನ್ನು ನಟನಾದವನು ಕೇಳಬಾರದು.

ತಾಲೀಮು ಮುಗಿಸಿ ಬರುವ ದಾರಿಯಲ್ಲಿ ಚಾಮರಾಜಪೇಟೆಯ ದೊಡ್ಡಪ್ಪನ ಮನೆಗೆ ಹೋಗಿಬರುವುದು ಆಗ ನನ್ನ ನಿತ್ಯದ ಕೆಲಸ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟವರು; ಕುಮಾರವ್ಯಾಸನನ್ನು ರಾಗವಾಗಿ ಓದುತ್ತಿದ್ದವರು. ವೈದ್ಯರು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳುಹಿಸಿಕೊಟ್ಟಿದ್ದರು. ನೋವಿಗೆ ಮಾತ್ರೆ, ಮಾತ್ರೆ ಕೆಲಸ ಮಾಡುವುದು ಹೊತ್ತಿನಲ್ಲಿ ಅರ್ಧ. ಒಬ್ಬನೇ ಮಗ ಅಮೆರಿಕದಲ್ಲಿ. ಪ್ರತಿ ಭಾನುವಾರ ರಾತ್ರಿ ಒಂಬತ್ತೂವರೆಗೆ ಅವನ ಫೋನು.

ಅವನು ಮುಖ ಕಾಣುವ ಹಾಗೆ ಮಾತಾಡಬೇಕೆಂದು ಒಳ್ಳೆಯ ಫೋನನ್ನೇ ಕಳುಹಿಸಿದ್ದ. ದೊಡ್ಡಪ್ಪ ಅದರ ಕಣ್ಣಿನ ಮೇಲೆ ಗಾಯಕ್ಕೆ ಹಚ್ಚುವ ಪ್ಲಾಸ್ಟರಿನ ತುಣುಕೊಂದನ್ನು ಅಂಟಿಸಿ, ‘ಚಿತ್ರ ಬರುವುದು ಕೆಟ್ಟಿದೆ ಕಣೋ, ರಿಪೇರಿಯವನು ಸಿಕ್ಕುತ್ತಿಲ್ಲ’ ಎಂದು ಮೂರು ತಿಂಗಳಿಂದ ಹೇಳುತ್ತಿದ್ದರು.

ಒಂದು ಭಾನುವಾರ ನಾನು ಹೋದಾಗ ನೋವು ಏರಿತ್ತು. ಮಂಡಿ ಎದೆಗೆ ಮಡಚಿ, ಹೊದಿಕೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು, ಗೋಡೆಯ ಕಡೆ ತಿರುಗಿ ಮಲಗಿದ್ದರು. ಫೋನು ಹೊಡೆದುಕೊಂಡಿತು. ದೊಡ್ಡಮ್ಮ ತಂದು ಕಿವಿಯ ಹತ್ತಿರ ಹಿಡಿದರು. ದೊಡ್ಡಪ್ಪ ಒಂದು ಸಾರಿ ಉಗುಳು ನುಂಗಿದರು. ಆಮೇಲೆ ಬಂದ ದನಿ, ಮೂವತ್ತು ವರ್ಷ ನಾಲ್ಕನೆಯ ಬೆಂಚಿನವರೆಗೆ ಕೇಳಿಸಿದ ದನಿ. ‘ಏನಪ್ಪಾ, ಅಲ್ಲಿ ಚಳಿ ಹೇಗಿದೆ? ಮಕ್ಕಳು ಸ್ಕೂಲಿಗೆ ಹೋದವೋ? ನನಗೇನೋ, ಕಲ್ಲುಗುಂಡು. ಈಗ ತಾನೆ ಊಟ ಮುಗಿಸಿ ಓಡಾಡುತ್ತಿದ್ದೆ.’ ಏಳೆಂಟು ನಿಮಿಷ ಮಾತಾಡಿದರು. ಒಂದು ಸಾರಿ ನಕ್ಕರು ಕೂಡ. ಅಷ್ಟು ಹೊತ್ತೂ ಹೊದಿಕೆಯ ಅಂಚು ಮುಷ್ಟಿಯಲ್ಲಿತ್ತು, ಕಾಲಿನ ಬೆರಳುಗಳು ಬಿಗಿದು ಬೆಳ್ಳಗಾಗಿದ್ದವು. ದೊಡ್ಡಮ್ಮ ಫೋನು ಹಿಡಿದು ಬೇರೆ ಕಡೆ ನೋಡುತ್ತ ನಿಂತಿದ್ದರು.

ಮಾರನೆಯ ದಿನ ತಾಲೀಮಿನಲ್ಲಿ ಧೃತರಾಷ್ಟ್ರ ಕರೆದಾಗ ನಾನು ಮೈಯನ್ನು ನೋವಿಗೆ ಬಿಟ್ಟುಕೊಟ್ಟೆ, ದನಿಯನ್ನು ಬಿಡಲಿಲ್ಲ. ತಂದೆಗೆ ಕಣ್ಣಿಲ್ಲ, ತಾಯಿ ಕಣ್ಣು ಕಟ್ಟಿಕೊಂಡಿದ್ದಾಳೆ. ಅವರಿಗೆ ತಲುಪುವುದು ದನಿ ಒಂದೇ. ನೆಲ ಕೆರೆಯುವ ಬೆರಳು, ಬಿಗಿದ ಕತ್ತು, ಇವು ಪ್ರೇಕ್ಷಕರಿಗೆ. ಬೆಳಗ್ಗೆ ಎದ್ದು ನಮಸ್ಕಾರಕ್ಕೆ ಬರುವ ಮಗನ ದನಿ ತಂದೆತಾಯಿಗೆ. ಹಾಲಿನಲ್ಲಿ ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ನಿರ್ದೇಶಕರು ಇನ್ನೊಂದು ಥರ ನೋಡೋಣ ಎನ್ನಲಿಲ್ಲ. ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡರು.

ಎಲ್ಲರಿಗೂ ಸಂತೋಷ. ನನಗೆ ಮಾತ್ರ ಅಂದು ರಾತ್ರಿ ಚಾಮರಾಜಪೇಟೆಗೆ ಹೋಗುವಾಗ ಕಾಲು ಭಾರವಾಗಿತ್ತು. ಮನೆಯವರು ಬೇರೆ ಕಡೆ ನೋಡುತ್ತ ನಿಂತದ್ದನ್ನು ನಾನು ನೋಡಿದ್ದೆ, ನೋಡಿ ಮುನ್ನೂರು ಜನರ ಮುಂದೆ ಇಡಲು ಹೊರಟಿದ್ದೆ. ಕದ್ದ ಒಡವೆ ಹಾಕಿಕೊಂಡು ಒಡವೆಯವರ ಮನೆಗೇ ಹೋಗುವುದು ಹೇಗೆ? ಹೇಳಿಯೇಬಿಡುವುದು ಮೇಲೆಂದು ದೊಡ್ಡಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವರು ಕಣ್ಣುಮುಚ್ಚಿ ಕೇಳಿದರು. ಪ್ಲಾಸ್ಟರಿನ ಮಾತು ಬಂದಾಗ ತುಟಿಯಲ್ಲಿ ನಗು ಬಂತು.

‘ಕದಿಯುವುದಕ್ಕೆ ನನ್ನ ಹತ್ತಿರ ಇನ್ನೇನಿದೆಯೋ? ಇದೊಂದು ಉಳಿದಿತ್ತು, ನಿನಗೆ ಉಪಯೋಗವಾಗಲಿ. ಅಭಿನಯ ಅಂದರೆ ಎದುರಿನವರ ಕಡೆಗೆ ಒಯ್ಯುವುದು ತಾನೆ? ಒಯ್ಯಿ’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಒಂದು ಮಾತು. ನಮ್ಮವನೇನಾದರೂ ರಜೆ ಹಾಕಿ ಬಂದು ನಿನ್ನ ನಾಟಕ ನೋಡುವ ಹಾಗಾದರೆ, ಆವತ್ತು ಮಾತ್ರ ಆ ಭಾಗವನ್ನು ಬೇರೆ ಥರ ಮಾಡು.’

ಮಾಡುತ್ತೇನೆಂದು ಮಾತು ಕೊಟ್ಟೆ.

ಪ್ರದರ್ಶನಕ್ಕೆ ಹತ್ತು ದಿನವಿದ್ದಾಗ ಗಾಂಧಾರಿಯ ಪಾತ್ರದವರು ನನ್ನನ್ನು ಪಕ್ಕಕ್ಕೆ ಕರೆದರು. ನಿವೃತ್ತ ಉಪಾಧ್ಯಾಯಿನಿ, ತಂಡಕ್ಕೆ ನನಗಿಂತ ಹಳಬರು. ತಾಲೀಮಿನಲ್ಲೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಮಾಡುತ್ತಿದ್ದರು. ‘ನೋಡಿ ಇವರೇ, ನೀವು ದನಿ ನೆಟ್ಟಗಿಟ್ಟುಕೊಂಡು ಓಗೊಡುತ್ತೀರಲ್ಲ, ನನಗೆ ಅದು ಗೊತ್ತಾಗದು ಅಂತ ತಿಳಿದು ಮಾಡುತ್ತೀರಿ. ನಾನು ಬಟ್ಟೆ ಕಟ್ಟಿಕೊಂಡು ಒಂದು ತಿಂಗಳಾಯಿತು. ಕಣ್ಣು ಕಟ್ಟಿದ ಮೇಲೆ ಕಿವಿಗೆ ಎಲ್ಲ ಗೊತ್ತಾಗುತ್ತದೆ. ದನಿ ಎಷ್ಟು ನೆಟ್ಟಗಿದ್ದರೆ ಅಷ್ಟು ಚೆನ್ನಾಗಿ ಗೊತ್ತಾಗುತ್ತದೆ. ಹೆತ್ತವಳಿಗೆ ತಿಳಿಯದೆ ಇರುತ್ತದೆಯೆ? ತಿಳಿದೂ ತಿಳಿಯದ ಹಾಗೆ ಕೂತಿರುತ್ತೇನೆ. ನಾನು ಅತ್ತರೆ ನೀವು ಪಟ್ಟ ಕಷ್ಟವೆಲ್ಲ ವ್ಯರ್ಥ ಅಲ್ಲವೆ? ನೀವು ನೀವು ಮಾಡುವ ಹಾಗೇ ಮಾಡಿ. ನಾನು ನಂಬಿದ ಹಾಗೆ ಮಾಡುತ್ತೇನೆ. ನಿಮಗೆ ಗೊತ್ತಿರಲಿ ಅಂತ ಹೇಳಿದೆ, ಅಷ್ಟೆ.’

ಅಂದಿನಿಂದ ಆ ದೃಶ್ಯ ಬೇರೆಯೇ ಆಯಿತು. ಮಾತು ಅವೇ, ಚಲನೆ ಅವೇ. ಮಗ ತಾಯಿಗಾಗಿ ಬಚ್ಚಿಡುತ್ತಿದ್ದಾನೆ. ತಾಯಿ ಮಗನಿಗಾಗಿ, ಬಚ್ಚಿಟ್ಟದ್ದು ಕಾಣಲಿಲ್ಲವೆಂಬಂತೆ ಇದ್ದಾಳೆ. ನಡುವೆ ಹತ್ತು ಅಡಿ ಜಮಖಾನ. ದುರಂತವೆಂದರೆ ದೊಡ್ಡ ಶಬ್ದ ಎಂಬುದು ಕುರುಕ್ಷೇತ್ರದ ಹಾರ್ಮೋನಿಯಂ ಕೇಳಿ ಬೆಳೆದ ನನ್ನ ಕಿವಿಯ ಅಭ್ಯಾಸ. ಆ ಹತ್ತು ಅಡಿಯಲ್ಲಿ ಶಬ್ದವೇ ಇರಲಿಲ್ಲ. ಒಬ್ಬರ ಸಂಕಟವನ್ನು ಇನ್ನೊಬ್ಬರು ನೋಡಲಾಗದೆ, ನೋಡದಿರಲೂ ಆಗದೆ, ಇಬ್ಬರೂ ಮರ್ಯಾದೆಯಿಂದ ಕೂತಿದ್ದರು. ತೊಡೆ ಮುರಿದದ್ದು ಕತೆ; ನಾಟಕ ಇದು.

ಇದನ್ನೂ ನಾನು ದೊಡ್ಡಪ್ಪನಿಗೆ ಹೇಳಿದೆ. ಹೇಳಬೇಕೋ ಬೇಡವೋ ಎಂದು ಎರಡು ದಿನ ತೂಗಿ ನೋಡಿ, ಆಮೇಲೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಬೀದಿಯಲ್ಲಿ ಕುಲ್ಫಿ ಗಾಡಿಯವನ ಗಂಟೆ ಕೇಳಿ, ದೂರ ಹೋಗಿ, ನಿಂತಿತು.

‘ಅವಳು ಹಾಗೆಂದಳೋ? ದನಿ ನೆಟ್ಟಗಿದ್ದಷ್ಟೂ ತಿಳಿಯುತ್ತದೆ ಅಂತ?’

‘ಹೌದು ದೊಡ್ಡಪ್ಪ.’

ಮತ್ತೆ ಸುಮ್ಮನಾದರು. ಕೊನೆಗೆ, ‘ಹಾಗಾದರೆ ಅವನು ಬಂದರೂ ಆ ಭಾಗ ಬದಲಾಯಿಸಬೇಡ’ ಎಂದರು.

ನಾಟಕ ಆಯಿತು. ಮೊಣಕೈಗೆ ಪಟ್ಟಿ ಕಟ್ಟಿಕೊಂಡು ಅದರ ಮೇಲೆ ಬಣ್ಣ ಬಳಿದುಕೊಂಡಿದ್ದೆ. ನೆಲದ ಮೇಲಿನಿಂದ ನನಗೆ ಕಂಡದ್ದು ಮುಂದಿನ ಸಾಲಿನವರ ಚಪ್ಪಲಿಗಳು ಮಾತ್ರ. ದುರ್ಜಯ ಅಂದು ಯಾವ ತಪ್ಪೂ ಇಲ್ಲದೆ ನಿಂತಲ್ಲೇ ನಿಂತ; ಅವನು ಬಂದು ಕೂರಲಿಲ್ಲವಲ್ಲ ಎಂದು ನನ್ನ ಕೈಗೇ ಬೇಸರವಾಯಿತು. ಗಾಂಧಾರಿ ನಂಬಿದ ಹಾಗೆ ಮಾಡಿದರು. ಜನ ಚಪ್ಪಾಳೆ ತಟ್ಟಿದರೋ ಎಂದರೆ, ತಟ್ಟಿದರು. ಆದರೆ ಸ್ವಲ್ಪ ತಡವಾಗಿ.

ಅದರ ಮುಂದಿನ ಭಾನುವಾರ ಫೋನು ಬಂದಾಗ ನಾನು ಚಾಮರಾಜಪೇಟೆಯಲ್ಲೇ ಇದ್ದೆ. ದೊಡ್ಡಮ್ಮ ಫೋನು ತಂದರು. ದೊಡ್ಡಪ್ಪ ಎಂದಿನಂತೆ ಉಗುಳು ನುಂಗಿ, ಚಳಿಯ ಸಮಾಚಾರ ಕೇಳಿ, ಮಕ್ಕಳ ಸಮಾಚಾರ ಕೇಳಿದರು. ಆ ಕಡೆಯಿಂದ ಎಂದಿನ ಪ್ರಶ್ನೆ ಬಂದಿರಬೇಕು. ಅವರು ಕೂಡಲೇ ಉತ್ತರ ಕೊಡಲಿಲ್ಲ. ಹೊದಿಕೆಯ ಅಂಚನ್ನು ಮುಷ್ಟಿಯಿಂದ ಬಿಟ್ಟರು.

‘ಇವತ್ತು ಸ್ವಲ್ಪ ನೋವಿದೆ ಕಣೋ’ ಎಂದರು.

ಆ ಕಡೆ ಅವನು ಏನು ಹೇಳಿದನೋ ನನಗೆ ಕೇಳಿಸಲಿಲ್ಲ. ಆದರೆ ಅಂದು ಮಾತು ಮುಗಿಯಲು ಒಂದು ಗಂಟೆಯಾಯಿತು.